ತಪ್ಪಿದ ಒದೆತಕ್ಕೂ ಒಂದು ಅಂಕ

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾನನಷ್ಟದ ಮೊಕದ್ದಮೆಗೆ ಹೆದರಿ ಅಲ್ಲ. ಅವನಿಗೆ ಕನ್ನಡ ಬರುವುದಿಲ್ಲ, ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆ ಮೆಲ್ಬರ್ನಿನವರೆಗೆ ಹೋಗುವುದೂ ಇಲ್ಲ. ಹೆಸರಿನಿಂದಲೇ ಉಂಡು ಬದುಕಿದವನಿಗೆ ನನ್ನ ಕೈಯಲ್ಲಿ ಕೊಡಲಾಗುವ ಶಿಕ್ಷೆ ಇದೊಂದೇ. ಇನ್ನೊಂದು ಸಣ್ಣ ಶಿಕ್ಷೆಯನ್ನು ಕನ್ನಡವೇ ಒದಗಿಸಿದೆ. ಅವನನ್ನು ಈ ಬರಹದ ಉದ್ದಕ್ಕೂ ಏಕವಚನದಲ್ಲಿ ಕರೆಯುತ್ತೇನೆ. ಇಂಗ್ಲಿಷಿನಲ್ಲಿ ಆ ಸುಖವಿರಲಿಲ್ಲ.

ಸಂಚಿಕೆಯ ಸಂಪಾದಕಿ ಮೈಸೂರಿನವರು, ಇಲ್ಲಿ ದೋಹಾದ ಅಲ್ ಅಜೀಜಿಯಾದಲ್ಲಿ ನಮ್ಮ ಪಕ್ಕದ ಕಟ್ಟಡದಲ್ಲೇ ಇದ್ದಾರೆ. ಲಿಫ್ಟಿನ ಬಾಗಿಲಲ್ಲಿ ಹಿಡಿದು ನಿಲ್ಲಿಸಿ ಕೇಳಿದರು: "ಅಷ್ಟು ದೊಡ್ಡ ಸೆಲೆಬ್ರಿಟಿ ಜೊತೆ ಕೆಲಸ ಮಾಡಿದೀರ. ರಿಟೈರ್ ಆಗಿ ಊರಿಗೆ ಹೋದರಂತಲ್ಲ? ಎರಡು ಪುಟ ಚೆನ್ನಾಗಿ ಬರೆದುಕೊಡಿ. ಫೋಟೊ ಇದ್ರೆ ಇನ್ನೂ ಒಳ್ಳೇದು." ಚೆನ್ನಾಗಿ ಬರೆಯಲು ಪ್ರಯತ್ನಿಸುತ್ತೇನೆ ಮೇಡಂ. ಫೋಟೊ ಕೊಡುವುದಿಲ್ಲ.

ನಾನು ಈ ದೇಶಕ್ಕೆ ಬಂದದ್ದು ಒಂದು ಕ್ರೀಡಾ ಚಾನೆಲ್ಲಿನ ಇಂಗ್ಲಿಷ್ ವಿಭಾಗಕ್ಕೆ. ಹುದ್ದೆಯ ಹೆಸರು ಪ್ರೊಡ್ಯೂಸರ್ ಎಂದಿದ್ದರೂ ಮಾಡುವ ಕೆಲಸ ಇನ್ನೊಬ್ಬರ ಕಿವಿಗೆ ಮಾತು ಹಾಕುವುದು. ನೇರ ಪ್ರಸಾರದ ಹೊತ್ತಿನಲ್ಲಿ ನಿರೂಪಕನ ಕಿವಿಯೊಳಗೆ ಬೆಳ್ಳುಳ್ಳಿ ಎಸಳಿನಷ್ಟು ದೊಡ್ಡದೊಂದು ಸಾಧನ ಇರುತ್ತದೆ. ಗಾಜಿನ ಈಚೆ ಕಂಟ್ರೋಲ್ ರೂಮಿನಲ್ಲಿ ಕುಳಿತ ನಾನು ಗುಂಡಿ ಒತ್ತಿ ಹೇಳಿದ್ದು ಅವನೊಬ್ಬನಿಗೇ ಕೇಳುತ್ತದೆ. ಅತಿಥಿಯ ಹೆಸರು, ಅವರ ಕ್ಲಬ್ಬು, ಹಿಂದಿನ ಪಂದ್ಯದ ಗೋಲು ಎಲ್ಲವೂ ನನ್ನ ಬಾಯಿಂದ ಅವನ ಕಿವಿಗೆ, ಅವನ ಬಾಯಿಂದ ಲೋಕಕ್ಕೆ. ಬೇರೆ ನಿರೂಪಕರು ಕೇಳಿದ್ದನ್ನು ಒಂದು ಗಳಿಗೆ ತೂಗಿ ಹೇಳುತ್ತಿದ್ದರು. ಇವನ ತಲೆಯಲ್ಲಿ ಮಾತ್ರ ಕಿವಿಯಿಂದ ನಾಲಿಗೆಗೆ ಒಂದು ಅಡ್ಡದಾರಿಯಿತ್ತು, ನಡುವೆ ಬುದ್ಧಿ ಎಂಬ ನಿಲ್ದಾಣವಿರಲಿಲ್ಲ. ನಾನು ಹೇಳಿದ ಹೆಸರನ್ನು ಅವನು ಬಾಲ್ಯಸ್ನೇಹಿತನ ಹೆಸರು ಹೇಳುವಂತೆ ಹೇಳುತ್ತಿದ್ದ. ಕಾರ್ಯಕ್ರಮ ಮುಗಿದು ಕಿವಿಯ ಸಾಧನ ತೆಗೆದಿಟ್ಟರೆ ಹೆಸರೂ ಅದರ ಜೊತೆಗೇ ಪೆಟ್ಟಿಗೆಗೆ ಹೋಗುತ್ತಿತ್ತು. ನಮ್ಮೆಲ್ಲರಿಗೂ ಅವನಲ್ಲಿದ್ದದ್ದು ಒಂದೇ ಹೆಸರು, 'ಮೇಟ್'. ಚಹಾ ತರುವವನೂ ಮೇಟ್, ಚಾನೆಲ್ಲಿನ ನಿರ್ದೇಶಕರೂ ಮೇಟ್.

ಅವನು ಪ್ರಾಯದಲ್ಲಿ ಮೆಲ್ಬರ್ನಿನಲ್ಲಿ ಆಡಿದ ಆಟವನ್ನು ಅಲ್ಲಿಯವರು ಫುಟ್‌ಬಾಲ್ ಎನ್ನುತ್ತಾರೆ. ನಮಗೆ ಗೊತ್ತಿರುವ ಫುಟ್‌ಬಾಲಿಗೂ ಅದಕ್ಕೂ ಸಂಬಂಧವಿಲ್ಲ. ಮೈದಾನ ಮೊಟ್ಟೆಯಾಕಾರ, ಚೆಂಡೂ ಮೊಟ್ಟೆಯಾಕಾರ. ಕೈಯಲ್ಲಿ ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಇನ್ನೊಬ್ಬನಿಗೆ ಕೊಡಬಹುದು. ಒಂದೊಂದು ತುದಿಯಲ್ಲೂ ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೆ ಒಂದು ಅಂಕ. ಇದನ್ನು ಅವನು ಮೊದಲ ಸಲ ವಿವರಿಸಿದಾಗ ನನ್ನ ಪಕ್ಕದಲ್ಲಿದ್ದ ಹಮೀದ್ ಭಾಯ್ ನನ್ನ ಕಡೆ ವಾಲಿ ಕನ್ನಡದಲ್ಲಿ ಹೇಳಿದರು: "ತಪ್ಪಿದ್ರೂ ಮಾರ್ಕು ಉಂಟಾ ಮಾಸ್ಟ್ರೆ? ನಮ್ಮ ಶಾಲೆಯಲ್ಲಿ ಹೀಗೆ ಇದ್ದಿದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?"

ಹಮೀದ್ ಭಾಯ್ ಉಳ್ಳಾಲದವರು, ನಮ್ಮ ಸೌಂಡ್ ಆಪರೇಟರ್. ಮನೆಯಲ್ಲಿ ಬ್ಯಾರಿ, ಕ್ಯಾಂಟೀನಿನಲ್ಲಿ ಮಲಯಾಳ, ನನ್ನ ಜೊತೆ ಕನ್ನಡ. ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು ಗೊತ್ತಾದ ದಿನದಿಂದ ನನಗೆ ಮಾಸ್ಟ್ರೆ ಎಂಬ ಪದವಿ ಕೊಟ್ಟಿದ್ದರು, ಗೌರವದಿಂದಲ್ಲ. ಸಂಜೆಯ ವಿರಾಮದಲ್ಲಿ ಫೋನಿನಲ್ಲಿ ಊರಿನ ಕನ್ನಡ ಪತ್ರಿಕೆಯನ್ನು ಮರಣ ಸುದ್ದಿಯಿಂದ ಹಿಡಿದು ಕ್ಲಾಸಿಫೈಡಿನವರೆಗೆ ಓದುತ್ತಿದ್ದರು. ಸಿಟ್ಟು ಬೇಗ ಬರುತ್ತಿತ್ತು. ಅವರ ಕುರ್ಚಿಯಲ್ಲಿ ಬೇರೆಯವರು ಕುಳಿತು ಎತ್ತರ ಬದಲಿಸಿದರೆ ಅರ್ಧ ದಿನ ಮಾತಿರಲಿಲ್ಲ.

ಅವನ ಮುಖ್ಯ ಆಸ್ತಿ ಒಂದು ಕಥೆ. ಫೈನಲಿಗೆ ಹೋಗಬೇಕಾದ ಪಂದ್ಯ. ಅವನ ತಂಡ ಎರಡು ಅಂಕ ಹಿಂದೆ. ಅವನು ಚೆಂಡು ಹಿಡಿದ ಗಳಿಗೆಯಲ್ಲೇ ಆಟ ಮುಗಿದ ಸೈರನ್ ಕೂಗುತ್ತದೆ. ಹಾಗೆ ಹಿಡಿದವನಿಗೆ ಸೈರನ್ ಆದಮೇಲೂ ಒಂದು ಒದೆತದ ಹಕ್ಕು ಉಂಟಂತೆ. ಇಡೀ ಮೈದಾನ ಉಸಿರು ಹಿಡಿದಿದೆ. ಅವನು ಬಗ್ಗಿ ಚಿಟಿಕೆ ಹುಲ್ಲು ಕಿತ್ತು ಮೇಲೆ ಎಸೆದು ಗಾಳಿ ನೋಡುತ್ತಾನೆ. ಒದೆಯುತ್ತಾನೆ. ಚೆಂಡು ಕಂಬದ ಪಕ್ಕಕ್ಕೆ ಹೋಗುತ್ತದೆ. ಒಂದು ಅಂಕ. ತಂಡ ಒಂದೇ ಅಂಕದಿಂದ ಸೋಲುತ್ತದೆ. "ಅವತ್ತು ಊರೇ ನನ್ನನ್ನು ಶಪಿಸಿತು. ಆ ಒಂದು ಅಂಕದಿಂದಲೇ ನಾನು ಇವತ್ತು ಊಟ ಮಾಡ್ತಿದ್ದೇನೆ," ಎಂದು ಅವನು ನಗುತ್ತಿದ್ದ. ಅದು ಸುಳ್ಳಲ್ಲ. ಗೆದ್ದವರ ಹೆಸರು ಮರೆತುಹೋಯಿತು, ತನ್ನ ತಂಡವನ್ನೇ ಸೋಲಿಸಿದವನನ್ನು ರೇಡಿಯೊದವರು ಕರೆದರು. ರೇಡಿಯೊದಿಂದ ಟಿವಿ, ಅಲ್ಲಿಂದ ಜಾಹೀರಾತು, ಅಲ್ಲಿಂದ ದೋಹಾ, ವೆಸ್ಟ್ ಬೇಯ ಗೋಪುರದಲ್ಲಿ ಸಮುದ್ರ ಕಾಣುವ ಮನೆ.

ಕಾರ್ಯಕ್ರಮ ಶುರುವಾಗುವ ಮುಂಚೆ ಸ್ಟುಡಿಯೊದಲ್ಲೂ ಅವನು ಹುಲ್ಲು ಎಸೆಯುತ್ತಿದ್ದ. ಹುಲ್ಲಿಲ್ಲದ ಕಾರಣ ಕಾಗದದ ಚೂರು. ಮೇಜಿನ ಮೇಲಿನ ಹಾಳೆಯೊಂದರ ಮೂಲೆ ಹರಿದು, ಪುಡಿ ಮಾಡಿ, ತಲೆಯ ಮೇಲಕ್ಕೆ ಹಾರಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. "ಎಸಿ ಗಾಳಿ ಯಾವ ಕಡೆಯಿಂದ ಅಂತ ಇವನಿಗೆ ಗೊತ್ತಾಗ್ಬೇಕಂತೆ," ಎಂದು ಹಮೀದ್ ಭಾಯ್ ಗೊಣಗುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು. ಇಷ್ಟವಾಗುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳದೆ ಈ ದ್ವೇಷಕ್ಕೆ ಅರ್ಥ ಬರುವುದಿಲ್ಲ.

ಕಥೆಯನ್ನು ನಾನು ಹಲವು ಸಲ ಕೇಳಿದೆ. ಕೇಳುತ್ತ ಕೇಳುತ್ತ ಒಂದು ವಿಷಯ ಗಮನಕ್ಕೆ ಬಂತು. ಒಮ್ಮೆ ಗಾಳಿ ಎಡದಿಂದ ಬೀಸಿತ್ತು, ಇನ್ನೊಮ್ಮೆ ಬಲದಿಂದ. ಒಮ್ಮೆ ಎಲೆಯೂ ಅಲ್ಲಾಡದಷ್ಟು ನಿಶ್ಚಲವಾಗಿತ್ತು. ಕೇಳುವವರು ಯಾರು ಎಂಬುದರ ಮೇಲೆ ಗಾಳಿಯ ದಿಕ್ಕು ನಿರ್ಧಾರವಾಗುತ್ತಿತ್ತು. ಧೈರ್ಯ ಬೇಕಾದವರಿಗೆ ಎದುರುಗಾಳಿ, ನಗು ಬೇಕಾದವರಿಗೆ ನಿಶ್ಚಲ. ಹೀಗೇಕೆ ಎಂದು ಕೇಳಿದ್ದಕ್ಕೆ ಭುಜ ತಟ್ಟಿದ. "ಮೇಟ್, ಒದ್ದವನು ನಾನು, ಗಾಳಿಯೂ ನನ್ನದೇ."

ಒಂದು ಯುಗಾದಿಗೆ ನಮ್ಮ ಮನೆಗೆ ಊಟಕ್ಕೆ ಬಂದ. ನನ್ನ ಹೆಂಡತಿಯ ಬಿಸಿಬೇಳೆ ಬಾತನ್ನು ಮೂರು ಸಲ ಹಾಕಿಸಿಕೊಂಡು, ಬೇವುಬೆಲ್ಲ ತಿಂದು ಮುಖ ಕಿವುಚಿ, ನಮ್ಮ ಮಗಳನ್ನು ನಗಿಸಿ ಹೋದ. ಮರುದಿನ ನೇರ ಪ್ರಸಾರದಲ್ಲಿ ಆ ಊಟದ ಕಥೆ ಬಂತು. ಕೇರಳದ ಮೀನುಗಾರರ ಕುಟುಂಬವೊಂದು ತನ್ನನ್ನು ದೋಣಿಯಲ್ಲಿ ಕೂರಿಸಿ ಬಡಿಸಿದ ಖಾರದ ಅನ್ನ. ಮನೆಯಲ್ಲಿ ಟಿವಿ ನೋಡುತ್ತಿದ್ದ ಹೆಂಡತಿ ಫೋನ್ ಮಾಡಿ ಕೇಳಿದಳು: "ರೀ, ನಾನು ಯಾವಾಗ ಕೇರಳದವಳಾದೆ? ದೋಣಿ ಎಲ್ಲಿ ನಿಲ್ಲಿಸಿದೀರ?" ಅವಳು ನಕ್ಕಳು, ನಾನೂ ನಕ್ಕೆ. ಆಗ ಕಳವಾಗಿದ್ದು ಒಂದು ಪಾತ್ರೆ ಅನ್ನ ಮಾತ್ರ.

ಕಡಲತಡಿಯ ಕಾರ್ನಿಶ್ ರಸ್ತೆಯಲ್ಲಿ ಹೊರಾಂಗಣ ಚಿತ್ರೀಕರಣವಿದ್ದ ದಿನ ಬಿಸಿಲಿಗೆ ನಾನು ಕುಸಿದು ಬಿದ್ದೆ. ಅವನು ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಕಾರಿನವರೆಗೆ ಓಡಿದ. ಮೊಣಕಾಲಿನ ಹಳೆಯ ಗಾಯವನ್ನೂ ಲೆಕ್ಕಿಸಲಿಲ್ಲ. ಅವನ ಬೆವರಿನ ವಾಸನೆ, ಕೆಳಗೆ ಓಲಾಡುವ ಫುಟ್‌ಪಾತಿನ ಕಲ್ಲುಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ವರ್ಷಗಟ್ಟಲೆ ಅದನ್ನು ಋಣವೆಂದು ಹೊತ್ತಿದ್ದೆ. ಒಂದು ದಿನ ಶಿಫ್ಟಿನ ವ್ಯಾನಿನಲ್ಲಿ ಯಾವುದೋ ಮಾತಿಗೆ ಅದನ್ನು ಹೇಳಿದಾಗ ಹಮೀದ್ ಭಾಯ್ ಪತ್ರಿಕೆಯಿಂದ ತಲೆ ಎತ್ತಿದರು. "ಎಂತ ಹೆಗಲು ಮಾರಾಯ್ರೆ? ಎತ್ತಿದ್ದು ನಾನು ಮತ್ತೆ ಡ್ರೈವರ್. ನಿಮ್ಮ ಕಾಲು ನನ್ನ ಕೈಯಲ್ಲಿ ಇತ್ತು, ಚಪ್ಪಲಿ ಒಂದು ಅಲ್ಲೇ ಬಿತ್ತು. ಅವನು ನೀರಿನ ಬಾಟ್ಲಿ ಹಿಡ್ಕೊಂಡು ಹಿಂದೆ ಬಂದ, ಅಷ್ಟೇ."

ನಾನು ಆಗ ಎಚ್ಚರ ತಪ್ಪಿದ್ದವನು. ನನಗೆ ಕಂಡ ಓಲಾಡುವ ಕಲ್ಲುಗಳನ್ನು ಕಂಡವರು ಯಾರು? ಅವನು ಹೇಳಿದ್ದನ್ನು ಅಷ್ಟು ಸಲ ಕೇಳಿ ನನ್ನ ಕಣ್ಣೇ ಅದನ್ನು ಬರೆದುಕೊಂಡಿತ್ತು. ನ್ಯಾಯದರ್ಶನದವರು ಸ್ಮೃತಿಯನ್ನು, ಅಂದರೆ ನೆನಪನ್ನು, ಪ್ರಮಾಣವೆಂದು ಒಪ್ಪುವುದಿಲ್ಲ ಎಂದು ನಮ್ಮ ಪ್ರಾಧ್ಯಾಪಕರು ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಅರ್ಥವಾದದ್ದು ಆ ವ್ಯಾನಿನಲ್ಲಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ಜಾಹೀರಾತಿನ ವಿರಾಮ ಬಂದಾಗ ನಿರೂಪಕನ ಮೈಕನ್ನು ಸೌಂಡ್ ಆಪರೇಟರ್ ಮುಚ್ಚಬೇಕು. ಅದು ಎಲ್ಲ ಕಡೆಯ ಪದ್ಧತಿ. ಇವನಿಗೆ ಆ ಪದ್ಧತಿ ಒಗ್ಗಲಿಲ್ಲ. ವಿರಾಮದಲ್ಲೇ ಅವನು ನನ್ನನ್ನು 'ಈ ಮನುಷ್ಯ ಯಾರು, ಏನು ಕೇಳಲಿ' ಎಂದು ಕೇಳಿಕೊಳ್ಳುತ್ತಿದ್ದದ್ದು. ಮೈಕ್ ಮುಚ್ಚಿದರೆ ಅವನ ಪ್ರಶ್ನೆ ನನಗೆ ತಲುಪುತ್ತಿರಲಿಲ್ಲ. ಆದ್ದರಿಂದ ಒಂದು ಸಂಜೆ ಕಂಟ್ರೋಲ್ ರೂಮಿಗೆ ಬಂದು, ತನ್ನ ಮೈಕನ್ನು ವಿರಾಮದಲ್ಲೂ ತೆರೆದೇ ಇಡಬೇಕೆಂದು ಹಮೀದ್ ಭಾಯಿಗೆ ಹೇಳಿದ. ಹೊರಗಿನಿಂದ ಲೈನಿನಲ್ಲಿ ಮಾತಾಡುವ ಅತಿಥಿ ಇದ್ದರೆ ಅವರ ಕಿವಿಗೂ ಹೋಗುತ್ತದೆ ಎಂದು ಹಮೀದ್ ಭಾಯ್ ಎಚ್ಚರಿಸಿದರು. ಅದಕ್ಕೆ ಅವನ ಉತ್ತರ: "ಮೈಕ್ ನನ್ನ ಬೂಟು, ಮೇಟ್. ಲೇಸು ನಾನೇ ಕಟ್ಟಿಕೊಳ್ತೇನೆ." ನಾನು ಬಾಗಿಲಲ್ಲಿ ನಿಂತಿದ್ದೆ, ನನ್ನ ಕಿವಿಯಾರೆ ಕೇಳಿದೆ.

ಬಹಳ ದಿನ ಏನೂ ಆಗಲಿಲ್ಲ, ಅತಿಥಿಗಳು ಸಾಮಾನ್ಯವಾಗಿ ಸ್ಟುಡಿಯೊಗೇ ಬರುತ್ತಿದ್ದರು. ಒಂದು ಸಂಜೆ ಇಲ್ಲಿಯ ಕ್ಲಬ್ಬೊಂದರ ಹಿರಿಯರು ತಮ್ಮ ಕಚೇರಿಯಿಂದಲೇ ಲೈನಿಗೆ ಬಂದರು. ಅವರಿಗೆ ಮಾತು ಸ್ವಲ್ಪ ತೊದಲುತ್ತಿತ್ತು. ವಿರಾಮ ಬಂದದ್ದೇ ಅವನು ಕುರ್ಚಿ ತಿರುಗಿಸಿ, ಕ್ಯಾಮೆರಾದವರನ್ನು ನಗಿಸಲೆಂದು, ಅವರ ತೊದಲನ್ನು ಅಣಕಿಸಿದ. ಬಹಳ ಚೆನ್ನಾಗಿ ಅಣಕಿಸಿದ, ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಪರದೆಯ ಮೇಲೆ ಆ ಹಿರಿಯರು ಕಿವಿಯಿಂದ ಸಾಧನವನ್ನು ನಿಧಾನವಾಗಿ ತೆಗೆದು ಮೇಜಿನ ಮೇಲಿಟ್ಟು ಎದ್ದುಹೋದದ್ದನ್ನು ನಾವೆಲ್ಲ ನೋಡಿದೆವು.

ಮರುದಿನ ವಿಚಾರಣೆ. ಸೌಂಡಿನವನು ಮೈಕ್ ಮುಚ್ಚಲು ಮರೆತ ಎಂದು ಅವನು ಮೊದಲೇ ಹೇಳಿಯಾಗಿತ್ತು. ಹಮೀದ್ ಎಂದಲ್ಲ, 'ಸೌಂಡಿನವನು' ಎಂದು. ಶಿಫ್ಟಿನ ಉಳಿದವರಿಗೆ ಮೈಕ್ ಯಾವಾಗಲೂ ತೆರೆದಿರುತ್ತಿತ್ತು ಎಂಬುದು ಗೊತ್ತಿತ್ತು, ಯಾರ ಅಪ್ಪಣೆ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ. ಮ್ಯಾನೇಜರ್ ಎದುರು ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು, ಕರುಣೆಯಿಂದ ಎಂಬಂತೆ ನನ್ನ ಕಡೆಗೆ ತಿರುಗಿದ.

"ನೆನಪು ಮಾಡಿಕೋ ಮೇಟ್. ನೀನು ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ನಿನ್ನ ನೀಲಿ ಮಗ್ಗು. ನಾನು ಹೇಳಿದ್ದು, ಲೈನಿನಲ್ಲಿ ಅತಿಥಿ ಇದ್ದರೆ ಮುಚ್ಚಿಬಿಡು ಅಂತ. ನೀನು ನಕ್ಕೆ, ಕಾಫಿ ಅಂಗಿಯ ಮೇಲೆ ಚೆಲ್ಲಿತು. ನೆನಪಿಲ್ವಾ?"

ನೀಲಿ ಮಗ್ಗು ನನ್ನದೇ. ಕಾಫಿ ಚೆಲ್ಲಿದ ಅಂಗಿಯೂ ನನ್ನಲ್ಲಿತ್ತು. ಅವನು ಹೇಳುತ್ತಿದ್ದಂತೆ ಮಗ್ಗು ನನ್ನ ಕೈಗೆ ಬಂತು, ಕಾಫಿ ಬಿಸಿಯಾಗಿ ಎದೆಗೆ ತಾಗಿತು, ಅವನ ತುಟಿಗಳು ಅವನು ಈಗ ಹೇಳಿದ ಮಾತಿಗೇ ಅಲುಗಾಡಿದವು. "ಖಾತ್ರಿಯಾ?" ಎಂದು ಮ್ಯಾನೇಜರ್ ನನ್ನನ್ನು ಕೇಳಿದರು. ಖಾತ್ರಿ ಎಂದೆ. ಆದರೆ ಆ ಮಾತು ಒಂದು ಉಸಿರಿನಷ್ಟು ತಡವಾಗಿ ಹೊರಬಂತು. ಆ ಉಸಿರೇ ಅವನಿಗೆ ಸಾಕಾಗಿತ್ತು.

ಹಮೀದ್ ಭಾಯಿಯ ಕೆಲಸ ಹೋಯಿತು. ಆ ವಯಸ್ಸಿನ ಸೌಂಡಿನವರನ್ನು, ಅದೂ ಇಂಥ ಕಾರಣಕ್ಕೆ ಹೊರಬಿದ್ದವರನ್ನು, ಬೇರೆ ಚಾನೆಲ್ಲಿನವರು ತೆಗೆದುಕೊಳ್ಳಲಿಲ್ಲ. ವೀಸಾ ರದ್ದಾಗಿ ಸಂಸಾರ ಸಮೇತ ಊರಿಗೆ ಹೊರಟರು. ಇಲ್ಲೇ ಹುಟ್ಟಿದ ಮಗಳು ಒಂಬತ್ತನೆಯ ತರಗತಿಯ ನಡುವೆ ಉಳ್ಳಾಲದ ಶಾಲೆಗೆ ಸೇರಿದಳು. ವಿಮಾನ ನಿಲ್ದಾಣದಲ್ಲಿ ಅವರು ನನ್ನನ್ನು ಬೈಯಲಿಲ್ಲ. ಟ್ರಾಲಿ ತಳ್ಳುತ್ತ ಒಂದೇ ಪ್ರಶ್ನೆ ಕೇಳಿದರು: "ನೀವು ಕೇಳಿದ್ದು ಹೌದಲ್ಲ ಮಾಸ್ಟ್ರೆ? ಅವನು ತೆರೆದಿಡು ಅಂತ ಹೇಳಿದ್ದು?" ಹೌದು ಎಂದೆ. "ಹಾಗಾದ್ರೆ ಆಯ್ತು. ನನಗೆ ತಲೆ ಕೆಟ್ಟದ್ದಾ ಅಂತ ಒಂದು ಡೌಟ್ ಇತ್ತು," ಎಂದರು. ಅವರ ನೆನಪಿಗೂ ಅವನು ಹಾಗೆಯೇ ಮಾಡಿದ್ದ.

ಅವತ್ತಿನಿಂದ ಆ ಸಂಜೆಯನ್ನು ನೀಲಿ ಮಗ್ಗಿಲ್ಲದೆ ನೋಡಲು ನನಗೆ ಸಾಧ್ಯವಾಗಿಲ್ಲ. ಕೈಯಲ್ಲಿ ಏನೂ ಇಲ್ಲದೆ ಬಾಗಿಲಲ್ಲಿ ನಿಂತ ನನ್ನನ್ನು ನೆನಪಿಗೆ ತರಲು ಎಷ್ಟು ಹೆಣಗಿದರೂ ಮಗ್ಗು ಬಂದು ಸೇರುತ್ತದೆ. ಅವನ ಮೇಲೆ ನನ್ನ ಆರೋಪಪಟ್ಟಿಯಲ್ಲಿ ಇದೂ ಇದೆ. ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡದ್ದಲ್ಲದೆ, ಅದಕ್ಕೆ ಇದ್ದ ಒಬ್ಬನೇ ಸಾಕ್ಷಿಯ ಕಣ್ಣನ್ನೂ ಕಿತ್ತುಕೊಂಡ. ನಾನು ಅವನ ಕಿವಿಯಲ್ಲಿ ಮಾತಾಡುತ್ತಲೇ ಇದ್ದೆ. ಸಂಸಾರವಿತ್ತು, ಸಂಬಳ ಬೇಕಿತ್ತು. ಜೊತೆಗೆ, ಆ ಗುಂಡಿ ನನ್ನ ಬೆರಳಿನ ಕೆಳಗೇ ಇರಲಿ ಎಂಬ ಆಸೆಯೂ ಇತ್ತು.

ಎರಡು ವರ್ಷದ ಮೇಲೆ ಅವನು ನಿವೃತ್ತಿ ಘೋಷಿಸಿದ. ಕೊನೆಯ ಕಾರ್ಯಕ್ರಮದಲ್ಲಿ ನಿರೂಪಕ ತೆರೆಯ ಹಿಂದಿನವರನ್ನು ಹೆಸರು ಹಿಡಿದು ನೆನೆಯುವುದು ನಮ್ಮಲ್ಲಿಯ ವಾಡಿಕೆ. ಅವನಿಗೆ ಒಂದು ಹೆಸರೂ ಗೊತ್ತಿಲ್ಲವೆಂದು ನನಗೆ ಗೊತ್ತಿತ್ತು. ಹೆಸರುಗಳು ನನ್ನಿಂದಲೇ ಹೋಗಬೇಕು. ವಾರಗಟ್ಟಲೆ ಅದೊಂದನ್ನೇ ಯೋಚಿಸಿದೆ. ಅವನ ಕಿವಿಗೆ ಒಂದೇ ಒಂದು ಹೆಸರು ಹಾಕುತ್ತೇನೆ. ನಾಲಿಗೆಯವರೆಗೆ ಬಂದ ಹೆಸರು ಅವನ ಗಂಟಲಿನಲ್ಲಿ ಸಿಕ್ಕಿಕೊಳ್ಳುವುದನ್ನು, ಆ ಮುಖ ಕುಸಿಯುವುದನ್ನು ನೇರ ಪ್ರಸಾರದಲ್ಲಿ ಎಲ್ಲರೂ ನೋಡಲಿ.

ಆ ಸಂಜೆ ಕಾಗದದ ಚೂರು ಹಾರಿಸಿದ. ತಪ್ಪಿದ ಒದೆತದ ಕಥೆ ಕೊನೆಯ ಬಾರಿ ಹೇಳಿದ, ಗಾಳಿ ಈ ಸಲ ಬೆನ್ನ ಹಿಂದಿನಿಂದ ಬೀಸಿತು. ಆಮೇಲೆ ಕ್ಯಾಮೆರಾ ನೋಡಿ, "ನನ್ನನ್ನು ನಾನಾಗಿ ಮಾಡಿದ ಕೆಲವರಿದ್ದಾರೆ," ಎಂದು ನಿಲ್ಲಿಸಿದ. ಗಾಜಿನ ಈಚೆ ನಾನು ಗುಂಡಿ ಒತ್ತಿದೆ. "ಹಮೀದ್. ಸೌಂಡ್," ಎಂದೆ. ಬೆರಳು ತೆಗೆದೆ.

"ಹಮೀದ್," ಎಂದ ಅವನು. ಎಡವಲಿಲ್ಲ. "ಸೌಂಡಿನ ಹಮೀದ್. ನನ್ನ ಧ್ವನಿಯನ್ನು ನಿಮ್ಮ ಮನೆಗೆ ತಲುಪಿಸಿದ ಮನುಷ್ಯ. ಒಂದು ದಿನ, ಒಂದೇ ಒಂದು ದಿನವೂ ನನ್ನ ಕೈ ಬಿಡಲಿಲ್ಲ. ಹಮೀದ್, ಮೇಟ್, ನೀನಿಲ್ಲದೆ ನಾನಿಲ್ಲ." ಅವನ ಕಣ್ಣು ಒದ್ದೆಯಾಯಿತು. ಹತ್ತಿರದ ಕ್ಯಾಮೆರಾದಲ್ಲಿ ಆ ಮುಖವನ್ನು ಹುಡುಕಿದೆ. ನಾಚಿಕೆ, ಭಯ, ಗುರುತು, ಏನಾದರೂ ಒಂದು ಎಳೆ. ಏನೂ ಇರಲಿಲ್ಲ.

ಮುಗಿದ ಮೇಲೆ ಕಂಟ್ರೋಲ್ ರೂಮಿಗೆ ಬಂದು ನನ್ನನ್ನು ಅಪ್ಪಿಕೊಂಡು ಕಿವಿಯಲ್ಲಿ ಕೇಳಿದ: "ಹಮೀದ್ ಯಾರು, ಹೊಸಬನಾ? ಇದ್ದರೆ ಕರಿ, ಒಂದು ಫೋಟೊ ತೆಗೆಸಿಕೊಳ್ಳೋಣ." ರಜೆಯಲ್ಲಿದ್ದಾರೆ ಎಂದೆ.

ಆ ತುಣುಕು ಎಲ್ಲೆಡೆ ಹರಿದಾಡಿತು. ತೆರೆಯ ಹಿಂದಿನ ಕಾರ್ಮಿಕನನ್ನು ನೆನೆದ ದೊಡ್ಡ ಮನುಷ್ಯ ಎಂದು ಜನ ಕಣ್ಣೀರು ಹಾಕಿದರು. ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪುಗಳಲ್ಲೂ ಅದು ಫೋನಿನಿಂದ ಫೋನಿಗೆ ಹೋಯಿತಂತೆ. ಎರಡು ದಿನದ ಮೇಲೆ ಹಮೀದ್ ಭಾಯಿಯ ವಾಯ್ಸ್ ಮೆಸೇಜ್ ಬಂತು. ಈಗ ಅವರು ಊರಿನಲ್ಲಿ ಮದುವೆ, ಸಭೆಗಳಿಗೆ ಮೈಕ್ ಸೆಟ್ ಹಾಕುತ್ತಾರೆ. ಹಿಂದೆ ಯಾವುದೋ ಹಾಲಿನ ಗದ್ದಲ ಕೇಳುತ್ತಿತ್ತು.

"ಮಾಸ್ಟ್ರೆ, ನೋಡಿದೆ. ಮಗಳು ತೋರಿಸಿದ್ದು. ಇವಳು ಕಾಲೇಜಿನಲ್ಲೆಲ್ಲ ತೋರಿಸಿ ಆಯ್ತು. ನಾನು ಸುಮ್ಮನೆ ಆ ಮನುಷ್ಯನಿಗೆ ಶಾಪ ಹಾಕ್ತಾ ಇದ್ದೆ, ನಮಾಜ್ ಮಾಡುವಾಗ ಸಹ ಮನಸ್ಸಲ್ಲಿ ಅದೇ. ನೋಡಿ, ಹೆಸರು ನೆನಪು ಇಟ್ಕೊಂಡಿದ್ದಾರೆ. ಮಾಡಿದ್ದು ಅವರಿಗೂ ಒಳಗೆ ಚುಚ್ಚಿರ್ಬೇಕು, ಅಲ್ವಾ? ಇನ್ನು ನಂಗೆ ಕೋಪ ಇಲ್ಲ. ಖಲಾಸ್."

ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದೆ. ಗುರಿಯಿಟ್ಟು ಒದ್ದವನು ನಾನು, ಅಂಕ ಬಂದದ್ದು ಅವನಿಗೆ. ಎಂದೂ ಕೇಳದ ಕ್ಷಮೆಯೂ ಅವನಿಗೆ ಸಿಕ್ಕಿತು, ತಲುಪಿಸಿದ್ದು ನನ್ನ ಬೆರಳು. ಹಮೀದ್ ಭಾಯಿಗೆ ಸಿಕ್ಕ ನೆಮ್ಮದಿ ಹಾಗೇ ಇರಲಿ ಎಂದು ಹೆಂಡತಿ ಹೇಳುತ್ತಾಳೆ. ಅವಳ ಮಾತು ಸರಿ ಇರಬಹುದು. ಸಂಪಾದಕಿಗೆ ಎರಡು ಪುಟ ಕೊಡುತ್ತೇನೆಂದು ಒಪ್ಪಿಕೊಂಡಾಗ ನನ್ನ ಮನಸ್ಸಿನಲ್ಲಿ ಆ ಮಾತು ಇತ್ತೋ ಇಲ್ಲವೋ, ಈಗ ಹೇಳಲಾರೆ.

ಈ ಸಂಚಿಕೆಯನ್ನು ಊರಿಗೆ ಹಿಂದಿರುಗಿದ ಹಳೆಯ ಸದಸ್ಯರಿಗೂ ಕಳಿಸುತ್ತಾರೆ. ಹಮೀದ್ ಭಾಯ್, ನೀವು ಜಾಹೀರಾತನ್ನೂ ಬಿಡದೆ ಓದುವವರು, ಇದನ್ನೂ ಓದುತ್ತೀರಿ. ಮೈಕಿನ ಆ ಸಂಜೆಯ ಬಗ್ಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬಲಾರೆ, ಅದರಲ್ಲಿ ಈಗ ಅವನು ತಂದಿಟ್ಟ ಮಗ್ಗು ಕುಳಿತಿದೆ. ಆದರೆ ಗಾಜಿನ ಈಚೆ ಗುಂಡಿಯ ಮೇಲಿದ್ದ ಬೆರಳು ನನ್ನದು, ಇದನ್ನು ಯಾರೂ ನನಗೆ ಬೇರೆ ರೀತಿ ಹೇಳಿಕೊಡಲಾರರು. ನಿಮ್ಮ ಹೆಸರು ಅವನಿಗೆ ನೆನಪಿರಲಿಲ್ಲ. ಹೇಳಿದ್ದು ನಾನು. ನಿಮ್ಮ ಕೋಪವನ್ನು ವಾಪಸ್ ತೆಗೆದುಕೊಳ್ಳಿ.